ಹೊಸ ಬಣ್ಣದ ಹಳೆಯ ಪಿಕಪ್ ನಡುದಾರಿಯಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಅಜ್ಜ ತೋಟದ ಅಡಿಕೆ, ತೆಂಗಿನಕಾಯಿ ಸಾಗಿಸಲು ಇಟ್ಟುಕೊಂಡಿದ್ದ 1954ರ ವಿಲ್ಲೀಸ್ ಪಿಕಪ್ ಬಹಳ ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಹೋದ ವರ್ಷ ಅದನ್ನು ಪೂರ್ತಿ ಬಿಚ್ಚಿಸಿ, ಚಾಸಿಯ ತುಕ್ಕು ತೆಗೆಸಿ, ಬಣ್ಣ ಹೊಡೆಸಿದೆ. ನಾಲ್ಕು ಸಿಲಿಂಡರಿನ ಹಳೆಯ ಹರಿಕೇನ್ ಪೆಟ್ರೋಲ್ ಎಂಜಿನ್ನೇ ಇದೆ. ಅದಕ್ಕೆ ಬೋರ್, ಪಿಸ್ಟನ್ ಕೆಲಸ ಆಗಿದೆ. 6 ವೋಲ್ಟ್ ವಯರಿಂಗ್ ತೆಗೆದು 12 ವೋಲ್ಟ್ ಮಾಡಿಸಿದ್ದೇನೆ. ಟ್ಯಾಂಕ್ ತೊಳೆಸಿ, ಕಳೆದುಹೋಗಿದ್ದ ಮುಚ್ಚಳದ ಬದಲು ಹೊಸದು ಹಾಕಿಸಿದ್ದೇನೆ. ನೋಡಲು ಚೆಂದವಿದೆ, ಆದರೆ ದೂರ ಹೋಗಲು ಧೈರ್ಯ ಬರುತ್ತಿಲ್ಲ. ಮಣಿಪಾಲದಲ್ಲಿ ಟ್ಯಾಂಕ್ ತುಂಬಿಸಿ ಆಗುಂಬೆಯತ್ತ ಹೊರಟರೆ ಪೆರ್ಡೂರು ದಾಟುವಷ್ಟರಲ್ಲಿ ಎಂಜಿನ್ನಿನ ಎಳೆತ ಕಡಿಮೆಯಾಗಿ, ಕೆಮ್ಮಿದಂತೆ ಮಾಡಿ ನಿಂತುಬಿಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ. ಒಮ್ಮೆ ಮುಂಜಾನೆ ಆರು ಗಂಟೆಗೆ ಹೊರಟಾಗಲೂ ಹೀಗೇ ಆಯಿತು. ಇನ್ನೊಮ್ಮೆ ಟ್ಯಾಂಕ್ ಬಹುತೇಕ ಖಾಲಿಯಿದ್ದಾಗ ಹಿರಿಯಡ್ಕದಲ್ಲಿ ಐದು ಲೀಟರ್ ಹಾಕಿಸಿಕೊಂಡು ಹೋದೆ. ಆ ದಿನ ಹೆಬ್ರಿಯವರೆಗೂ ಎಲ್ಲೂ ನಿಲ್ಲಲಿಲ್ಲ. ಸೆಲ್ಫ್ ಬಹಳ ನಿಧಾನ ತಿರುಗುತ್ತದೆ, ಹೆಡ್‌ಲೈಟ್ ಹಾಕಿದರೆ ಹಾರ್ನ್ ಸ್ವರ ಸಣ್ಣದಾಗುತ್ತದೆ, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮೀಟರಿನ ಮುಳ್ಳು ಕುಣಿಯುತ್ತದೆ, ಚೋಕ್ ಕೇಬಲ್ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಎರಡು ವಾರ ನಿಲ್ಲಿಸಿ ಹೊರಟರೆ ಮೊದಲ ಬ್ರೇಕಿಗೆ ಗಾಡಿ ಎಡಕ್ಕೆ ಎಳೆಯುತ್ತದೆ; ಕೆಲವು ಸಲ ಪೆಡಲನ್ನು ಎರಡು ಬಾರಿ ಒತ್ತಬೇಕು. ಒಬ್ಬರು ಕಾರ್ಬ್ಯುರೇಟರ್ ಬದಲಿಸಿ ಎಂದರು, ಇನ್ನೊಬ್ಬರು ಎಥನಾಲ್ ಪೆಟ್ರೋಲಿನ ದೋಷ, ಎಲೆಕ್ಟ್ರಿಕ್ ಪಂಪ್ ಹಾಕಿ ಎಂದರು, ಮೂರನೆಯವರು ಡೀಸೆಲ್ ಎಂಜಿನ್ ಕೂರಿಸಿಬಿಡಿ ಎಂದರು. ಡಿಸೆಂಬರಿನಲ್ಲಿ ಅಜ್ಜಿಯನ್ನು ಇದೇ ಗಾಡಿಯಲ್ಲಿ ತೀರ್ಥಹಳ್ಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಏನು ಮಾಡಲಿ?
– ಉಡುಪಿ ಸಮೀಪದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಖರ್ಚು ಮಾಡಿ ಎಬ್ಬಿಸಿದ ಗಾಡಿಯ ಎಂಜಿನ್ನೇ ಸರಿಯಿಲ್ಲವೇನೋ, ಮಾಡಿಸಿದ ಕೆಲಸವೆಲ್ಲ ನೀರಿನಲ್ಲಿ ಹೋಮವಾಯಿತೇನೋ ಎಂಬುದು ನಿಮ್ಮ ಆತಂಕ. ನೀವು ಬರೆದ ಲಕ್ಷಣಗಳಲ್ಲಿ ಎಂಜಿನ್ ಸವೆದಿದೆ ಎಂದು ಹೇಳುವಂಥದ್ದು ಒಂದೂ ಇಲ್ಲ. ಹೊಗೆಯ ವಿಷಯ, ಆಯಿಲ್ ಕಡಿಮೆಯಾಗುವ ವಿಷಯ, ಬಡಿತದ ಸದ್ದಿನ ವಿಷಯ ಪತ್ರದಲ್ಲಿ ಎಲ್ಲೂ ಬಂದಿಲ್ಲ. ಹತ್ತು ನಿಮಿಷ ಸುಮ್ಮನೆ ನಿಂತ ಮಾತ್ರಕ್ಕೆ ತಾನಾಗಿ ಸರಿಹೋಗುವ ಎಂಜಿನ್ ಒಳಗಿನಿಂದ ಕೆಟ್ಟಿರುವುದು ಬಹಳ ಅಪರೂಪ.

ಮಂಗಳೂರಿನಲ್ಲಿ ಮೂವತ್ತು ವರ್ಷಗಳಿಂದ ಹಳೆಯ ಜೀಪು, ಪಿಕಪ್, ಕಾರುಗಳ ಕೆಲಸ ಮಾಡಿಕೊಂಡು ಬಂದ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ಪೂರ್ತಿ ಬಿಚ್ಚಿ ಜೋಡಿಸಿದ ಗಾಡಿ ಮೊದಲ ಒಂದೆರಡು ವರ್ಷ ಕೊಡುವ ತೊಂದರೆಗಳಲ್ಲಿ ಹೆಚ್ಚಿನವು ಆ ಬಿಚ್ಚಿ ಜೋಡಿಸುವ ಕೆಲಸದಿಂದಲೇ ಹುಟ್ಟಿದವು. ಲೋಹಕ್ಕೆ ಲೋಹ ತಾಗಿ ವಿದ್ಯುತ್ ಹರಿಯಬೇಕಾದ ಜಾಗದಲ್ಲಿ ಬಣ್ಣ ಕೂತಿರುತ್ತದೆ, ಗಾಳಿ ಆಡಬೇಕಾದ ತೂತು ಮುಚ್ಚಿಹೋಗಿರುತ್ತದೆ, ಸೈಲೆನ್ಸರ್ ಪೈಪಿನಿಂದ ದೂರವಿದ್ದ ಪೆಟ್ರೋಲ್ ಪೈಪು ಹೊಸದಾಗಿ ಬಗ್ಗಿಸುವಾಗ ಅದರ ಹತ್ತಿರಕ್ಕೆ ಬಂದಿರುತ್ತದೆ. ಹಾಗಾಗಿ ಇಂಥ ಗಾಡಿಯಲ್ಲಿ ದೋಷ ಹುಡುಕುವಾಗ 1954ರಿಂದ ಇರುವ ಭಾಗಗಳಿಗಿಂತ ಮೊದಲು ಹೋದ ವರ್ಷ ಕೈಯಾಡಿಸಿದ ಭಾಗಗಳನ್ನು ಅನುಮಾನಿಸಬೇಕು. ನಿಮ್ಮ ಪತ್ರದಲ್ಲಿ ಅಂಥ ಭಾಗಗಳ ಪಟ್ಟಿಯೇ ಇದೆ: ಬಣ್ಣ, ವಯರಿಂಗ್, ಟ್ಯಾಂಕು, ಟ್ಯಾಂಕಿನ ಮುಚ್ಚಳ.

ಮೊದಲು ಆ ಮುಚ್ಚಳದ ವಿಷಯ ಹೇಳುತ್ತೇನೆ. ದಾರಿಯಲ್ಲಿ ನಿಲ್ಲುವುದಕ್ಕೆ ಅದೇ ಕಾರಣವಿರಬಹುದು ಎಂಬುದು ನನ್ನ ಬಲವಾದ ಅನುಮಾನ, ಮತ್ತು ಆ ಅನುಮಾನಕ್ಕೆ ಬೇಕಾದ ಸುಳಿವನ್ನು ನೀವೇ ಬರೆದಿದ್ದೀರಿ. ಎಂಜಿನ್ ಪೆಟ್ರೋಲ್ ಎಳೆದುಕೊಂಡಂತೆಲ್ಲ ಟ್ಯಾಂಕಿನಲ್ಲಿ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಆ ಕಾಲದ ವಿಲ್ಲೀಸ್ ಗಾಡಿಗಳಲ್ಲಿ ಮುಚ್ಚಳದ ಸಣ್ಣ ತೂತಿನ ಮೂಲಕವೇ ಈ ಗಾಳಿ ಒಳಗೆ ಬರುತ್ತಿತ್ತು. ಮುಂದಿನ ತಲೆಮಾರಿನ ಗಾಡಿಗಳಲ್ಲಿ ಪೆಟ್ರೋಲ್ ಆವಿ ಹೊರಗೆ ಹೋಗಬಾರದೆಂದು ಗಾಳಿಗೆ ಬೇರೆ ಪೈಪು ಕೊಟ್ಟು, ಮುಚ್ಚಳವನ್ನು ಬಿಗಿಯಾಗಿ ಮುಚ್ಚುವಂತೆ ಮಾಡಿದರು. ಅಂಗಡಿಯಲ್ಲಿ ಅಳತೆ ನೋಡಿ ಕೊಳ್ಳುವ ಮುಚ್ಚಳ ಇಂಥ ಬಿಗಿ ಜಾತಿಯದ್ದಾಗಿದ್ದರೆ ಕುತ್ತಿಗೆಗೆ ಸರಿಯಾಗಿ ಕೂರುತ್ತದೆ, ನೋಡಲು ಹಳೆಯದರಂತೆಯೇ ಇರುತ್ತದೆ, ಆದರೆ ಗಾಳಿಗೆ ದಾರಿ ಕೊಡುವುದಿಲ್ಲ. ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತಾ ಹೋಗುತ್ತದೆ. ಎಂಜಿನ್ನಿನ ಪಕ್ಕದಲ್ಲಿರುವ, ನಮ್ಮ ಗ್ಯಾರೇಜುಗಳಲ್ಲಿ ಎ.ಸಿ. ಪಂಪ್ ಎಂದೇ ಕರೆಯುವ ಪೆಟ್ರೋಲ್ ಪಂಪಿಗೆ ಅದರ ವಿರುದ್ಧ ಎಳೆಯುವ ಶಕ್ತಿ ಒಂದು ಮಿತಿಯವರೆಗೆ ಮಾತ್ರ ಇರುತ್ತದೆ. ಆ ಮಿತಿ ದಾಟಿದಾಗ ಎಳೆತ ಕಡಿಮೆಯಾಗಿ, ಕೆಮ್ಮಿ, ನಿಲ್ಲುತ್ತದೆ. ನಿಂತ ಮೇಲೆ ಮುಚ್ಚಳದ ಅಂಚಿನಲ್ಲಿ ಗಾಳಿ ನಿಧಾನವಾಗಿ ಒಳಗೆ ಸೇರುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಗಾಡಿ ಮತ್ತೆ ಹೊರಡುತ್ತದೆ.

ಈಗ ನಿಮ್ಮ ಎರಡು ಪ್ರಯಾಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಟ್ಯಾಂಕ್ ತುಂಬಿಸಿದ ದಿನ ಪೆಟ್ರೋಲಿನ ಮೇಲೆ ಉಳಿದ ಗಾಳಿಯ ಜಾಗ ಬಹಳ ಕಡಿಮೆ. ಮೂರು ಲೀಟರ್ ಖರ್ಚಾಗುವಷ್ಟರಲ್ಲಿ ಅಷ್ಟು ಸ್ವಲ್ಪ ಗಾಳಿ ಬಹಳ ಹಿಗ್ಗಬೇಕಾಗುತ್ತದೆ, ಹಾಗಾಗಿ ಒತ್ತಡ ಬೇಗ ಇಳಿಯುತ್ತದೆ. ಖಾಲಿ ಟ್ಯಾಂಕಿಗೆ ಐದು ಲೀಟರ್ ಹಾಕಿದ ದಿನ ಮುಚ್ಚಳ ತೆರೆದಾಗಲೇ ಅಲ್ಲಿಯವರೆಗಿನ ನಿರ್ವಾತ ಹೋಯಿತು. ಜೊತೆಗೆ ಟ್ಯಾಂಕಿನ ಬಹುಭಾಗ ಗಾಳಿಯೇ ಇದ್ದುದರಿಂದ ಅಷ್ಟೇ ಮೂರು ಲೀಟರ್ ಖರ್ಚಾದರೂ ಒತ್ತಡ ಹೆಚ್ಚು ಇಳಿಯಲಿಲ್ಲ. ತುಂಬಿದ ಟ್ಯಾಂಕಿನಲ್ಲಿ ನಿಲ್ಲುವ, ಖಾಲಿ ಟ್ಯಾಂಕಿನಲ್ಲಿ ಓಡುವ ಗಾಡಿಯ ದೋಷವನ್ನು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ರೂಪಾಯಿಯೂ ಬೇಡ. ಮುಂದಿನ ಸಲ ಎಂಜಿನ್ ನಿಂತ ಕೂಡಲೇ ಬಾನೆಟ್ ಎತ್ತಬೇಡಿ. ಮೊದಲು ಟ್ಯಾಂಕಿನ ಬಳಿ ಹೋಗಿ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸಿ, ಆಮೇಲೆ ಒಂದೆರಡು ನಿಮಿಷದೊಳಗೆ ಸೆಲ್ಫ್ ಹೊಡೆದಾಗ ಎಂಜಿನ್ ಹಿಡಿದುಕೊಂಡರೆ ವಿಷಯ ಮುಗಿಯಿತು. ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡುವ ಪರೀಕ್ಷೆಯೂ ಇದೆ. ಅದನ್ನು ಮಾಡುವುದಾದರೆ ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರಲಿ, ಸಮತಟ್ಟಾದ ರಸ್ತೆಯಿರಲಿ; ತಿರುವಿನಲ್ಲಿ ಚೆಲ್ಲಿದ ಪೆಟ್ರೋಲ್ ಬಿಸಿ ಪೈಪಿನ ಮೇಲೆ ಬೀಳುವ ಅಪಾಯ ಸಣ್ಣದಲ್ಲ.

ದೋಷ ಇಲ್ಲೇ ಎಂದು ಗೊತ್ತಾದರೆ ರಸ್ತೆಬದಿಯ ಸುಲಭ ಮದ್ದು ಮುಚ್ಚಳಕ್ಕೆ ಡ್ರಿಲ್ಲಿನಿಂದ ತೂತು ಹಾಕುವುದು. ಎಂಜಿನ್ ಓಡುತ್ತದೆ ನಿಜ, ಆದರೆ ಅದನ್ನು ನಾನು ಒಪ್ಪುವುದಿಲ್ಲ. ನೇರ ತೂತಿನಿಂದ ಪೆಟ್ರೋಲ್ ಚೆಲ್ಲುತ್ತದೆ, ಮತ್ತು ನಮ್ಮ ಕರಾವಳಿಯ ಮಳೆಯಲ್ಲಿ ನೀರು ಒಳಗಿಳಿಯುತ್ತದೆ. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ, ಪಂಪು ಎಳೆಯುವುದು ಆ ತಳದಿಂದಲೇ. ಗಾಳಿ ಒಳಗೆ ಬಿಡುವ, ಪೆಟ್ರೋಲ್ ಹೊರಗೆ ಬಿಡದ ಮುಚ್ಚಳವನ್ನೇ ಹುಡುಕಿ. ಹಳೆಯ ಜೀಪುಗಳ ಬಿಡಿಭಾಗ ಇಡುವ ಅಂಗಡಿಯಲ್ಲಿ ಕೊಳ್ಳುವ ಮೊದಲು ಮುಚ್ಚಳವನ್ನು ಬಾಯಿಗೆ ಹಿಡಿದು ಊದಿ ನೋಡಿದರೂ ಗಾಳಿಯ ದಾರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಗಾಳಿಯ ದಾರಿ ಮುಚ್ಚಿಕೊಳ್ಳಲು ಮುಚ್ಚಳ ಬದಲಾಗಲೇಬೇಕೆಂದೂ ಇಲ್ಲ. ಹಲವು ವರ್ಷಗಳ ಹಿಂದೆ ಒಂದು ಜೀಪು ಇದೇ ರೀತಿ ನಿಲ್ಲುತ್ತಿತ್ತು. ನಾನು ಅದರ ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿ ತೊಳೆದು ಹಾಕಿದೆ. ಮೂರು ಸಲವೂ ಗಾಡಿ ಹಿಂದಕ್ಕೆ ಬಂತು. ಕೊನೆಗೆ ಟ್ಯಾಂಕಿನ ಗಾಳಿ ಪೈಪಿನ ಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುವುದು ಕಂಡಿತು. ಗಾಡಿಯ ಮಾಲೀಕರು ಅಷ್ಟು ದಿನ ಕಳೆದುಕೊಂಡದ್ದು ನನ್ನ ಅವಸರದಿಂದ. ಆಮೇಲಿಂದ ಇಂಥ ದೂರು ಬಂದಾಗ ನಾನು ಟ್ಯಾಂಕಿನಿಂದ ಶುರುಮಾಡಿ ಎಂಜಿನ್ನಿನ ಕಡೆಗೆ ಬರುತ್ತೇನೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯಲ್ಲಿ ಈ ಹುಳುವಿನ ಗೂಡು ಸಿಗುವುದು ಸಾಮಾನ್ಯ. ನಿಮ್ಮದರಲ್ಲೂ ತೂತು ಕಂಡಲ್ಲೆಲ್ಲ ತಂತಿ ಹಾಕಿ ನೋಡಿ.

ಇನ್ನು ಎಥನಾಲ್ ಮತ್ತು ಶಾಖದ ಮಾತು. 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ದೇಶದ ಆಯ್ದ ಬಂಕುಗಳಲ್ಲಿ 2023ರಲ್ಲಿ ಸಿಗಲು ಶುರುವಾಗಿ ಈಗ ಎಲ್ಲೆಡೆ ಬಂದಿದೆ. ಹಳೆಯ ಗಾಡಿಗೆ ಇದರಿಂದ ಏನೂ ಆಗುವುದಿಲ್ಲ ಎನ್ನುವವರ ಮಾತೂ ತಪ್ಪು, ಎಲ್ಲ ತೊಂದರೆಗೂ ಇದೇ ಕಾರಣ ಎನ್ನುವವರ ಮಾತೂ ತಪ್ಪು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಹಳೆಯ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಇಟ್ಟ ಕಾರ್ಬ್ಯುರೇಟರ್ ಅದೇ ಹಳೆಯ ಅಳತೆಯಲ್ಲಿ ಕೊಡುವುದರಿಂದ ಎಂಜಿನ್ನಿಗೆ ಸೇರುವ ಇಂಧನ ತುಸು ಕಡಿಮೆ ಬೀಳುತ್ತದೆ. ಅದರಿಂದ ಎಳೆತ ಸ್ವಲ್ಪ ಕುಗ್ಗಬಹುದು, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸಬಹುದು, ಎಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗಬಹುದು. ಆದರೆ ಇಪ್ಪತ್ತು ಕಿಲೋಮೀಟರ್ ಚೆನ್ನಾಗಿ ಓಡಿ ಫಕ್ಕನೆ ನಿಲ್ಲುವುದಕ್ಕೆ ಇದು ಕಾರಣವಾಗದು. ನಿಜವಾಗಿ ಕಾಳಜಿ ಬೇಕಾದದ್ದು ರಬ್ಬರಿನ ವಿಷಯದಲ್ಲಿ. ಹಳೆಯ ಬಗೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಎಂಬ ಪೊರೆ, ಕಾರ್ಬ್ಯುರೇಟರಿನ ವಾಷರ್ ಇವನ್ನೆಲ್ಲ ಎಥನಾಲ್ ಊದಿಸುತ್ತದೆ, ಮೆತ್ತಗೆ ಮಾಡುತ್ತದೆ. ರಬ್ಬರ್ ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅವನ್ನು ಬದಲಿಸಿ, ಪಂಪಿಗೆ ಎಥನಾಲ್ ತಾಳುವ ಡಯಾಫ್ರಾಂ ಹಾಕಿಸಿ. ಎಂಜಿನ್ ಹತ್ತಿರ ಪೆಟ್ರೋಲ್ ಒಸರುವ ಪೈಪು ಬೆಂಕಿಗೆ ಕಾರಣವಾಗಬಲ್ಲದು, ಆದ್ದರಿಂದ ಈ ಕೆಲಸವನ್ನು ಮುಂದೂಡಬೇಡಿ.

ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗಿ ಪಂಪಿಗೆ ಗುಳ್ಳೆ ಬರುವುದೂ ನಿಜವಾದ ತೊಂದರೆಯೇ. ಘಾಟಿಯ ಲಾರಿ ಚಾಲಕರು ಹಿಂದೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ, ಮತ್ತು ಅದು ಕೆಲಸ ಮಾಡುತ್ತಿತ್ತು. ಬಟ್ಟೆ ಮಾತ್ರ ಸುತ್ತಿ. ಕಾದ ಎರಕದ ಕಬ್ಬಿಣದ ಎಂಜಿನ್ ಮೇಲೆ ಕೊಡ ಬಗ್ಗಿಸಿ ನೀರು ಹೊಯ್ದರೆ ಅದು ಸೀಳಿಬಿಡಬಹುದು. ನಿಮ್ಮ ಗಾಡಿ ಮುಂಜಾನೆಯ ತಂಪಿನಲ್ಲೂ ನಿಂತದ್ದರಿಂದ ಶಾಖವೊಂದೇ ಕಾರಣವಾಗಿರಲಾರದು. ಆದರೆ ಎರಡಕ್ಕೂ ಸಂಬಂಧವಿದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ; ಟ್ಯಾಂಕಿನಲ್ಲಿ ನಿರ್ವಾತವಾದಾಗ ಆಗುವುದು ಅದರ ತಿರುಗುಮುರುಗು. ಪೈಪಿನಲ್ಲಿ ಒತ್ತಡ ಇಳಿದಷ್ಟೂ ಪೆಟ್ರೋಲ್ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಹಾಗಾಗಿ ಮುಚ್ಚಳ ಸರಿಮಾಡಿದ ಮೇಲೆ ಶಾಖದ ತೊಂದರೆಯೂ ಬಹುಪಾಲು ತಗ್ಗಬೇಕು. ಹೊಸ ತಾಮ್ರದ ಪೈಪು ಎಕ್ಸಾಸ್ಟ್ ಪೈಪಿಗೆ ನಾಲ್ಕು ಬೆರಳಿಗಿಂತ ಹತ್ತಿರದಲ್ಲಿ ಹೋಗಿದ್ದರೆ ಬೇರೆ ದಾರಿಯಲ್ಲಿ ಬಗ್ಗಿಸಿ ಹಾಕಿಸಿ.

ಎಲೆಕ್ಟ್ರಿಕ್ ಪಂಪ್ ಹಾಕುವ ಸಲಹೆ ಕೆಟ್ಟದ್ದಲ್ಲ, ಆದರೆ ಈಗ ಬೇಡ. ಈ ಎಂಜಿನ್ನಿನ ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಚದರ ಇಂಚಿಗೆ ಸುಮಾರು 3 ಪೌಂಡ್ ಮಾತ್ರ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹಲವು ಪಂಪುಗಳು ಇದಕ್ಕಿಂತ ಹೆಚ್ಚು ಒತ್ತುತ್ತವೆ, ಇಂಜೆಕ್ಷನ್ ಗಾಡಿಯ ಪಂಪಾದರೆ ಹತ್ತು ಪಟ್ಟಿಗೂ ಮಿಗಿಲು. ಆಗ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವ ಬಾಯಿಯನ್ನು ಮುಚ್ಚುವ ನೀಡಲ್ ತಡೆಯಲಾರದೆ ಪೆಟ್ರೋಲ್ ಉಕ್ಕಿ ಎಂಜಿನ್ ಮೇಲೆ ಚೆಲ್ಲುತ್ತದೆ. ಅಪಘಾತವಾಗಿ ಎಂಜಿನ್ ನಿಂತರೂ ಪಂಪು ಒತ್ತುತ್ತಲೇ ಇರುತ್ತದೆ, ಅದನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಬೇರೆ ಹಾಕಬೇಕು. ಗಾಳಿಯ ದಾರಿ ಸರಿಮಾಡದೆ ಬಲವಾದ ಪಂಪ್ ಕೂರಿಸಿದರೆ ಟ್ಯಾಂಕಿನ ತಗಡೇ ಒಳಕ್ಕೆ ಕುಸಿಯುವುದುಂಟು. ಡೀಸೆಲ್ ಎಂಜಿನ್ನಿನ ಮಾತನ್ನಂತೂ ಮರೆತುಬಿಡಿ. ಅದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು, ಮತ್ತು ನಿಮ್ಮ ಅಜ್ಜ ಓಡಿಸಿದ ಗಾಡಿ ಅದಾಗಿ ಉಳಿಯುವುದಿಲ್ಲ. ಇದೇ ಹರಿಕೇನ್ ಎಂಜಿನ್ ಮಹೀಂದ್ರ ಜೀಪುಗಳಲ್ಲಿ ದಶಕಗಳ ಕಾಲ ಬಂದಿದ್ದರಿಂದ ಅದರ ಬಿಡಿಭಾಗಗಳಿಗೆ ನಮ್ಮಲ್ಲಿ ಇನ್ನೂ ಬರಗಾಲವಿಲ್ಲ.

ಮುಚ್ಚಳ ತೆರೆದಾಗ ಸದ್ದೂ ಬರಲಿಲ್ಲ, ಎಂಜಿನ್ನೂ ಹಿಡಿಯಲಿಲ್ಲ ಎಂದಾದರೆ ಆಗ ನನ್ನ ಅನುಮಾನ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸಲು ಬೇಕಾದ ಕಂಡೆನ್ಸರ್ ಮತ್ತು ಕಾಯಿಲ್ ಕಡೆಗೆ ಹೋಗುತ್ತದೆ. ಇವೆರಡೂ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವ ಸ್ವಭಾವದವು. ಇದನ್ನು ಪರೀಕ್ಷಿಸಬೇಕಾದದ್ದು ಗಾಡಿ ನಿಂತ ಆ ಕ್ಷಣದಲ್ಲೇ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ತಣ್ಣಗಾಗಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಂದು ಪ್ಲಗ್ ಬಿಚ್ಚಿ, ಅದರ ವಯರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿ ಇಡಿ, ರಬ್ಬರ್ ಹಿಡಿಕೆಯ ಇಕ್ಕಳದಿಂದಲೇ ಹಿಡಿಯಿರಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿಯಾಗಿ ಚಟಪಟ ಎಂದು ಕಿಡಿ ಹಾರಿದರೆ ವಿದ್ಯುತ್ ಕಡೆ ಸರಿಯಿದೆ. ಹಳದಿಯಾಗಿ ಸೊರಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ. 6 ವೋಲ್ಟಿನಿಂದ 12 ವೋಲ್ಟಿಗೆ ಬದಲಿಸುವಾಗ ಹಳೆಯ ಕಾಯಿಲನ್ನೇ ಉಳಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ. 12 ವೋಲ್ಟಿಗೆ ನೇರ ಕೂಡುವ ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿ ಕಡೆಯ ಸುರುಳಿ, ಮೀಟರಿನಲ್ಲಿ ಸುಮಾರು 3 ಓಮ್ ತಡೆ ತೋರಿಸಬೇಕು. ಅದರ ಅರ್ಧ ತೋರಿಸಿದರೆ ಜೊತೆಗೆ ವಿದ್ಯುತ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಲೇಬೇಕು, ಇಲ್ಲವಾದರೆ ಕಾಯಿಲ್ ಕಾದು, ಅದರ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟ್ ಸುಟ್ಟು ಕರಿಹಿಡಿಯುತ್ತದೆ. ಪಾಯಿಂಟಿನ ಸಂದು ಅರ್ಧ ಮಿಲಿಮೀಟರ್, ಪ್ಲಗ್ಗಿನದು ಮುಕ್ಕಾಲು ಮಿಲಿಮೀಟರ್ ಇರಲಿ.

ನಿಮ್ಮ ಎರಡನೆಯ ದೂರಿಗೆ ಬರುತ್ತೇನೆ. ನಿಧಾನ ಸೆಲ್ಫ್, ಸೊರಗುವ ಹಾರ್ನ್, ಕುಣಿಯುವ ಮುಳ್ಳು ಇವನ್ನೆಲ್ಲ ನೋಡಿ ಬ್ಯಾಟರಿ, ಡೈನಮೋ ಬದಲಿಸುವವರು ಬಹಳ ಮಂದಿ. ಬಿಸಿಯಾಗುವ ಚೋಕ್ ಕೇಬಲ್ ಎಂಬ ಒಂದೇ ಮಾತು ನನಗೆ ಸಾಕಾಯಿತು. ಬ್ಯಾಟರಿಯಿಂದ ಹೊರಟ ವಿದ್ಯುತ್ ಸೆಲ್ಫ್ ಮೋಟಾರು ತಿರುಗಿಸಿ ಎಂಜಿನ್ ಲೋಹದ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಎಂಜಿನ್ ಕೂತಿರುವುದು ರಬ್ಬರ್ ಗುಟ್ಟಗಳ ಮೇಲೆ, ಹಾಗಾಗಿ ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಬೇಕು; ಅದೇ ಅರ್ತ್. ಬಣ್ಣ ಹೊಡೆಯುವಾಗ ಆ ಪಟ್ಟಿಯನ್ನು ಮತ್ತೆ ಹಾಕಲು ಮರೆತಿರುತ್ತಾರೆ, ಇಲ್ಲವೇ ಹೊಸ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣ ವಿದ್ಯುತ್ತನ್ನು ತಡೆಯುತ್ತದೆ. ಹಿಂದಿರುಗಲು ಸರಿಯಾದ ದಾರಿ ಸಿಗದ ವಿದ್ಯುತ್ ಕಾರ್ಬ್ಯುರೇಟರಿನಿಂದ ಡ್ಯಾಶ್‌ಬೋರ್ಡಿಗೆ ಬರುವ ತೆಳ್ಳಗಿನ ಚೋಕ್ ಕೇಬಲನ್ನು ಹಿಡಿದು ಬರುತ್ತದೆ, ಅದು ಕಾಯುತ್ತದೆ. ಕೇಬಲ್ ಕೆಂಪಗೆ ಕಾದು ಹೊದಿಕೆ ಸುಟ್ಟ ಗಾಡಿಗಳನ್ನು ನೋಡಿದ್ದೇನೆ, ಆದ್ದರಿಂದ ಇದು ಸರಿಯಾಗುವವರೆಗೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಡಿ.

ಅಳತೆ ಸುಲಭ. ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಿರಿ. ಮುಳ್ಳು 0.2 ವೋಲ್ಟಿನ ಒಳಗಿರಬೇಕು. ಸೆಲ್ಫ್ 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಾರಿಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಕಣ್ಣಿಗೆ ಕಾಣದ ಬಣ್ಣದ ಪದರ ಸೆಲ್ಫನ್ನು ಸುಸ್ತು ಮಾಡುವುದು ಹೀಗೆ. ಬ್ಯಾಟರಿಯ ನೆಗೆಟಿವ್ ವಯರನ್ನು ಮೊದಲು ಕಳಚಿ, ಅರ್ತ್ ಬೋಲ್ಟ್ ಕೂರುವ ಪ್ರತಿ ಜಾಗದಲ್ಲೂ ಒಂದು ರೂಪಾಯಿ ನಾಣ್ಯದಗಲ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಬಳಿಯಿರಿ. ಉಪ್ಪುಗಾಳಿಯ ನಮ್ಮೂರಲ್ಲಿ ಇಷ್ಟು ಮಾಡದಿದ್ದರೆ ಒಂದು ಮಳೆಗಾಲದಲ್ಲಿ ಮತ್ತೆ ಹಸಿರು ಕಿಲುಬು ಕಟ್ಟುತ್ತದೆ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ, ಟ್ಯಾಂಕಿನಿಂದ ಚಾಸಿಗೆ ಮೂರೂ ಕಡೆ ಅರ್ತ್ ಇರಲಿ. ಮೀಟರಿನ ಮುಳ್ಳು ಕುಣಿಯುವುದು ಇದರಿಂದಲೇ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ನಯವಾದ ಉಜ್ಜುಕಾಗದದಿಂದ ಉಜ್ಜಿದ ಗಾಡಿಗೆ ಕೆರೆದ ಗುರುತು ಮಾಡಲು ಮನಸ್ಸು ಒಪ್ಪದಿರಬಹುದು, ಆದರೆ ಈ ಜಾಗಗಳೆಲ್ಲ ಕಣ್ಣಿಗೆ ಬೀಳದ ಕಡೆ ಇರುತ್ತವೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನನ್ನ ಸ್ವರ ಸ್ವಲ್ಪ ಗಟ್ಟಿಯಾಗುತ್ತದೆ, ದಯವಿಟ್ಟು ಕ್ಷಮಿಸಿ. ಎರಡು ವಾರ ನಿಂತ ಗಾಡಿಯ ಮೊದಲ ಬ್ರೇಕು ಎಳೆದು, ಎರಡು ಮೂರು ಸಲ ಒತ್ತಿದ ಮೇಲೆ ಸರಿಯಾದರೆ ಅದು ಡ್ರಮ್ಮಿನೊಳಗಿನ ತೆಳ್ಳನೆಯ ತುಕ್ಕು. ಮಳೆಗಾಲದಲ್ಲಿ ಎಲ್ಲ ಹಳೆಯ ಗಾಡಿಗಳಿಗೂ ಆಗುವಂಥದ್ದು. ಎಳೆತ ಆಮೇಲೂ ಮುಂದುವರಿದರೆ ಮುಂದಿನ ಎರಡೂ ಗಾಲಿಗಳ ಡ್ರಮ್ ತೆಗೆಸಿ, ಡ್ರಮ್ಮಿಗೆ ಒತ್ತುವ ಲೈನಿಂಗ್ ಮೇಲೆ ಆಯಿಲ್ ಅಥವಾ ಗ್ರೀಸ್ ಬಿದ್ದಿದೆಯೇ, ಅದನ್ನು ಒತ್ತುವ ವೀಲ್ ಸಿಲಿಂಡರ್ ಒಸರುತ್ತಿದೆಯೇ ನೋಡಿಸಿ. ರಬ್ಬರ್ ಹೋಸನ್ನೂ ಮರೆಯಬೇಡಿ. ಹೊರಗೆ ಹೊಸದರಂತಿರುವ ಹೋಸು ಒಳಗೆ ಊದಿಕೊಂಡಿದ್ದರೆ ಪೆಡಲು ಒತ್ತಿದಾಗ ಬ್ರೇಕ್ ಆಯಿಲ್ ಒಳಗೆ ಹೋಗುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ಆ ಗಾಲಿ ಹಿಡಿದುಕೊಂಡೇ ಇರುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ನಾಲ್ಕೂ ಡ್ರಮ್ಮುಗಳ ಹತ್ತಿರ ಕೈ ಒಯ್ದರೆ ಯಾವುದು ಹೆಚ್ಚು ಕಾದಿದೆ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಗಾಲಿಗೆ ಕಲ್ಲೋ ಮರದ ತುಂಡೋ ಕೊಡಿ, ಲೈನಿಂಗ್ ಡ್ರಮ್ಮಿಗೆ ಅಂಟುವುದು ತಪ್ಪುತ್ತದೆ.

ಪೆಡಲನ್ನು ಎರಡು ಬಾರಿ ಒತ್ತಬೇಕಾಗುವುದನ್ನು ಹಳೆಯ ಗಾಡಿಯ ಸ್ವಭಾವ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂದಿನ ಗಾಡಿಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ಸುತ್ತುಗಳಿರುತ್ತವೆ. ಒಂದು ಹೋದರೆ ಇನ್ನೊಂದು ಉಳಿಸುತ್ತದೆ. ನಿಮ್ಮದರಲ್ಲಿ ಒಂದೇ ಸುತ್ತು. ನಾಲ್ಕು ಗಾಲಿಗಳಲ್ಲಿ ಒಂದು ಕಡೆ ಸೋರಿದರೂ ಪೆಡಲು ಪೂರ್ತಿ ನೆಲಕ್ಕೆ ಹೋಗಬಹುದು. ಎರಡನೆಯ ಒತ್ತಿಗೆ ಪೆಡಲು ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹೆಚ್ಚಾಗಿ ಲೈನಿಂಗ್ ಮತ್ತು ಡ್ರಮ್ಮಿನ ನಡುವಿನ ಸಂದು ಜಾಸ್ತಿಯಾಗಿದೆ. ಈ ಗಾಡಿಯ ಬ್ರೇಕು ತಾನಾಗಿ ಹೊಂದಿಕೊಳ್ಳುವುದಿಲ್ಲ, ಪ್ರತಿ ಗಾಲಿಯಲ್ಲೂ ಕೈಯಿಂದ ಅಡ್ಜಸ್ಟ್ ಮಾಡಬೇಕು. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿಸಿ ಅದನ್ನು ಹೊರಹಾಕಿಸಿ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಕ್ಕೆ ಇಳಿಯುತ್ತಾ ಹೋದರೆ ಪೆಡಲಿನ ಒತ್ತಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಆಗ ಗಾಡಿಯನ್ನು ರಸ್ತೆಗೆ ತರಬೇಡಿ.

ಬ್ರೇಕ್ ಆಯಿಲನ್ನೂ ಬದಲಿಸಿಬಿಡಿ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಡ್ರಮ್ಮುಗಳು ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲು ಹಿಡಿಯುವುದಿಲ್ಲ. ಈಗ ಒಳಗಿರುವುದು ಯಾವ ಜಾತಿಯೆಂದು ಖಚಿತವಿಲ್ಲದಿದ್ದರೆ ಪೂರ್ತಿ ತೆಗೆಸಿ ತೊಳೆಸಿ ಹೊಸದು ಹಾಕಿಸಿ. ಸಿಲಿಕೋನ್ ಜಾತಿಯ ಡಾಟ್ 5 ಅನ್ನು ಉಳಿದವುಗಳ ಜೊತೆ ಎಂದೂ ಬೆರೆಸಬೇಡಿ.

ಡಿಸೆಂಬರಿಗೆ ಸಮಯವಿದೆ. ಬ್ರೇಕಿನ ಕೆಲಸವನ್ನು ನಾಲ್ಕೂ ಗಾಲಿ ಬಿಚ್ಚುವ, ಇಂಥ ಹಳೆಯ ಗಾಡಿ ಗೊತ್ತಿರುವ ಮೇಸ್ತ್ರಿಯಿಂದಲೇ ಮೊದಲು ಮಾಡಿಸಿ. ಮುಚ್ಚಳ ಮತ್ತು ಅರ್ತ್ ಕೆಲಸವನ್ನು ನೀವೇ ಒಂದು ಭಾನುವಾರ ಮಾಡಬಹುದು. ಆಮೇಲೆ ಟ್ಯಾಂಕ್ ತುಂಬಿಸಿ, ಅಜ್ಜಿಯನ್ನು ಮನೆಯಲ್ಲೇ ಬಿಟ್ಟು, ಒಬ್ಬ ಗೆಳೆಯನೊಂದಿಗೆ ಸೋಮೇಶ್ವರದವರೆಗೆ ಎರಡು ಸಲ ಹೋಗಿ ಬನ್ನಿ. ಎರಡು ಸಲವೂ ನಿಲ್ಲದೆ ಬಂದರೆ ಮೂರನೆಯ ಸಲ ಘಾಟಿ ಹತ್ತಿ ಇಳಿಯಿರಿ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಒತ್ತಬೇಕು. ಕೆಳಗೆ ಬಂದು ಗಾಡಿ ನಿಲ್ಲಿಸಿ ಡ್ರಮ್ಮುಗಳ ಬಿಸಿ ನೋಡಿ. ಪೆಡಲು ಹೊರಟಾಗ ಇದ್ದ ಎತ್ತರದಲ್ಲೇ ನಿಂತರೆ ಅಜ್ಜಿಯನ್ನು ಕೂರಿಸಿಕೊಂಡು ಹೊರಡಬಹುದು.